ಎಕ್ಸ್‌ಲೇಟರ್ ತಿರುವಿದ ಕೂಡಲೇ ಗಾಡಿ ಉಸಿರು ಹಿಡಿಯುತ್ತದೆ: 1995ರ ಆರ್‌ಎಕ್ಸ್ 100, ಮೂರು ಸಲ ಕಾರ್ಬೋರೇಟರ್ ಬಿಚ್ಚಿಸಿ ಆಯ್ತು

ಸಪ್ತಾಪುರದ_ಸವಾರ · ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನ 1995ರ ಯಮಹಾ ಆರ್‌ಎಕ್ಸ್ 100 ಈಗ ನನ್ನ ಕೈಯಲ್ಲಿದೆ. ದಿನಾ ಧಾರವಾಡದಿಂದ ಹುಬ್ಬಳ್ಳಿ ಗೋಕುಲ ರೋಡಿಗೆ ಅದರಲ್ಲೇ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಒಂದೇ ತಕರಾರು. ಸಿಗ್ನಲ್‌ನಲ್ಲಿ ನಿಂತು, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಡುತ್ತಾ ಎಕ್ಸ್‌ಲೇಟರ್ ತಿರುವಿದರೆ ಗಾಡಿ ಒಂದು ಕ್ಷಣ ಉಸಿರು ಹಿಡಿದುಕೊಳ್ಳುತ್ತದೆ. ಸದ್ದೇ ಇರುವುದಿಲ್ಲ. ಆಮೇಲೆ ಒಮ್ಮೆಲೇ ಜಗ್ಗಿಕೊಂಡು ಓಡುತ್ತದೆ. ಮೊನ್ನೆ ಉಣಕಲ್ ಕ್ರಾಸ್‌ನಲ್ಲಿ ಹಿಂದಿದ್ದ ಟಂಟಂನವನು ಇನ್ನೇನು ಹತ್ತಿಸಿಯೇ ಬಿಡುತ್ತಿದ್ದ.

ಇಲ್ಲಿಯವರೆಗೆ ಎರಡು ಗ್ಯಾರೇಜ್ ಸುತ್ತಿದ್ದೇನೆ. ಕಾರ್ಬೋರೇಟರ್ ಮೂರು ಸಲ ತೊಳೆದಿದ್ದಾರೆ. ಪ್ಲಗ್ ಹೊಸದು. ಕೊನೆಯ ಸಲ ಜೆಟ್, ಸೂಜಿ, ಫ್ಲೋಟ್ ವಾಲ್ವ್ ಎಲ್ಲ ಸೇರಿದ ಕಿಟ್ ಹಾಕಿದರು. ಒಂದು ದಿನ ಪರವಾಗಿಲ್ಲ ಅನ್ನಿಸಿತು. ಈಗ ಮೊದಲಿಗಿಂತ ಜಾಸ್ತಿ. ಫುಲ್ ತಿರುವಿದರೆ ಏನೂ ತೊಂದರೆ ಇಲ್ಲ, ನವಲೂರಿನ ಏರು ಆರಾಮಾಗಿ ಹತ್ತುತ್ತದೆ. ಮಿಸ್ತ್ರಿ "ಕಾರ್ಬೋರೇಟರ್ ಸವದೈತ್ರಿ, ಹೊಸಾದು ಹಾಕೂಣು" ಅನ್ನುತ್ತಿದ್ದಾರೆ. ಹಾಕಿಸಲಾ, ಬೇಡವಾ?

ಟೂಸ್ಟ್ರೋಕ್_ತಮ್ಮ · ರಾತ್ರಿ 9:44

ಮಾರಿಬಿಡಿ ಸರ್. ನನಗೆ.

ಗದಗ_ಗಾಡಿ · ರಾತ್ರಿ 9:58

ಏರ್ ಫಿಲ್ಟರ್ ತೆಗೆದು ಒಂದು ರೌಂಡ್ ಹೊಡೆದು ನೋಡಿ. ಕಾಲೇಜಿನಲ್ಲಿದ್ದಾಗ ನಾವೆಲ್ಲ ಹಾಗೇ ಓಡಿಸುತ್ತಿದ್ದೆವು. ಬೆಟಗೇರಿಯಿಂದ ಮುಳಗುಂದ ನಾಕಾವರೆಗೆ ಸದ್ದು ಕೇಳುತ್ತಿತ್ತು. ಪಿಕಪ್ ಡಬಲ್.

ಪಾನಾ_ಹಳೇಹುಬ್ಬಳ್ಳಿ · ರಾತ್ರಿ 10:31

ಗದಗಿನ ಅಣ್ಣಾರೆ, ಸದ್ದು ಡಬಲ್ ಆಗಿರುತ್ತದೆ, ಪಿಕಪ್ ಅಲ್ಲ. ಫಿಲ್ಟರ್ ತೆಗೆದರೆ ಗಾಳಿ ಇನ್ನೂ ಜಾಸ್ತಿ ಹೋಗುತ್ತದೆ. ಇವರ ಗಾಡಿಗೆ ಈಗಾಗಲೇ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿರುವ ಲಕ್ಷಣ ಇದೆ. ಟೂ ಸ್ಟ್ರೋಕ್ ಗಾಡಿಯನ್ನು ಹಾಗೇ ಓಡಿಸಿದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆಗ ಬೋರ್ ಮಾಡಿಸುವ ಖರ್ಚು ಯಾರು ಕೊಡುತ್ತಾರೆ?

ಸವಾರರೇ, ನಾನು ಇಪ್ಪತ್ತು ವರ್ಷದ ಮೇಲೆ ಪಾನಾ ಹಿಡಿದವನು. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಫುಲ್ ತಿರುವಿದಾಗ ಚೆನ್ನಾಗಿದೆ ಅಂದರೆ ಮೇನ್ ಜೆಟ್ (ಪೆಟ್ರೋಲ್ ಬಿಡುವ ದೊಡ್ಡ ತೂತು) ಸರಿ ಇದೆ, ಟ್ಯಾಂಕಿನಿಂದ ಪೆಟ್ರೋಲ್ ಸಾಕಷ್ಟು ಇಳಿಯುತ್ತಿದೆ. ತಕರಾರು ಇರುವುದು ಮೊದಲ ಕಾಲು ತಿರುವಿನಲ್ಲಿ. ಸ್ಲೋದಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಅನ್ನುವ ಸಣ್ಣ ತೂತು ಮತ್ತು ಏರ್ ಸ್ಕ್ರೂ ಕಾರುಬಾರು. ಅಲ್ಲಿಂದ ಕಾಲು ಭಾಗದವರೆಗೆ, ತಿರುವಿದಾಗ ಮೇಲೇಳುವ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿದ ಅಂಚಿದೆಯಲ್ಲ, ಅದು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಸಿಕ್ಕಿಸಿದ ಸೂಜಿ. ಆಮೇಲೆ ಮೇನ್ ಜೆಟ್. ಇವು ಗೆರೆ ಕೊರೆದ ಹಾಗೆ ಬೇರೆ ಬೇರೆ ಅಲ್ಲ, ಒಂದರ ಮೇಲೊಂದು ಹಾಯುತ್ತವೆ.

ಗ್ರಿಪ್ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ. ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿ. ಗಾಡಿ ಎಲ್ಲಿ ಉಸಿರು ಹಿಡಿಯುತ್ತದೆ ಅಂತ ಕಣ್ಣಿಂದ ನೋಡಿ ಹೇಳಿ. "ಸ್ವಲ್ಪ ತಿರುವಿದಾಗ" ಅಂದರೆ ನನಗೆ ಗೊತ್ತಾಗುವುದಿಲ್ಲ.

ಎರಡನೆಯದು, ಗಾಡಿ ಪೂರ್ತಿ ಕಾದ ಮೇಲೆ ಚೋಕ್ ಅರ್ಧ ಎಳೆದು ಅದೇ ರೀತಿ ತಿರುವಿ ನೋಡಿ. ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿ ಆಗಿದೆ. ಇದಕ್ಕೆ ದುಡ್ಡೂ ಬೇಡ, ಪಾನಾನೂ ಬೇಡ. ಹೊಸ ಕಾರ್ಬೋರೇಟರ್ ವಿಷಯ ಆಮೇಲೆ.

ಸುಮ್ನೆ_ಓದುವವ · ರಾತ್ರಿ 10:35

ಚಿಗರಿ ಬಸ್ಸಿನಲ್ಲಿ ಹೋಗಿ ಸರ್. ಎಸಿ ಇದೆ, ಸಿಗ್ನಲ್ ಇಲ್ಲ.

ಬುಲೆಟ್_ಕಾಕಾ · ರಾತ್ರಿ 10:52

ಎಲ್ಲರೂ ಕಾರ್ಬೋರೇಟರ್ ಹಿಂದೆ ಬಿದ್ದಿದ್ದೀರಿ. ತಮ್ಮಾ, ಮೊದಲು ಕಿಡಿ ನೋಡು. ನನ್ನ ಹಳೇ ಬುಲೆಟ್ ಹೀಗೇ ಮಾಡುತ್ತಿತ್ತು. ಮೂರು ವಾರ ಕಾರ್ಬೋರೇಟರ್ ಬಿಚ್ಚಿದೆವು, ಜೋಡಿಸಿದೆವು. ಜೆಟ್ ಊದಿ ಊದಿ ನನ್ನ ಕೆನ್ನೆ ನೋವು ಬಂತು. ಕೊನೆಗೆ ನೋಡಿದರೆ ಕಂಡೆನ್ಸರ್. ಪಾಯಿಂಟ್ ಮೇಲೆ ನೀಲಿ ಕಪ್ಪು ಕಲೆ ಕೂತಿತ್ತು. ಚಿಲ್ಲರೆ ಸಾಮಾನು, ಹಾಕಿದೆ, ಗಾಡಿ ಹೊಸದಾಯಿತು. ಅಲ್ಲಿಂದ ಒಂದು ಮಾತು ಕಲಿತೆ: ಕಾರ್ಬೋರೇಟರ್ ತಕರಾರುಗಳಲ್ಲಿ ಅರ್ಧ ಕರೆಂಟಿನವು.

ಟೂಸ್ಟ್ರೋಕ್_ತಮ್ಮ · ರಾತ್ರಿ 10:57

ಕಾಕಾ, ಆರ್‌ಎಕ್ಸ್‌ನಲ್ಲಿ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಎಲೆಕ್ಟ್ರಾನಿಕ್ ಕಿಡಿಯ ಸಿಡಿಐ ಗಾಡಿ ಅದು.

ಬುಲೆಟ್_ಕಾಕಾ · ರಾತ್ರಿ 11:03

ಸಿಡಿಐ ಅಂದರೆ ಕೆಡುವುದಿಲ್ಲ ಅಂತ ದೇವರು ಬರೆದುಕೊಟ್ಟಿದ್ದಾನಾ? ಪ್ಲಗ್ ಕ್ಯಾಪ್ ಸಡಿಲ ಇರಬಹುದು. ಕಾಯಿಲ್ ಕಾದ ಮೇಲೆ ಸೋಲಬಹುದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವೈರಿನೊಳಗೆ ತೇವ ಹೋಗಬಹುದು. ರಾತ್ರಿ ಕತ್ತಲಲ್ಲಿ ಗಾಡಿ ಚಾಲೂ ಮಾಡಿ ಪ್ಲಗ್ ವೈರ್ ನೋಡಲಿ. ಎಲ್ಲಾದರೂ ಸೀಳಿದ್ದರೆ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಪಾನಾ_ಹಳೇಹುಬ್ಬಳ್ಳಿ · ರಾತ್ರಿ 11:15

ಕಾಕಾ ಹೇಳಿದ್ದು ತಪ್ಪಲ್ಲ. ಆದರೆ ಕಿಡಿ ಸೋತರೆ ಸಾಮಾನ್ಯವಾಗಿ ಭಾರ ಬಿದ್ದಾಗ, ಏರಿನಲ್ಲಿ, ಫುಲ್ ರೇಸಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಇವರ ಗಾಡಿ ಅಲ್ಲೇ ಚೆನ್ನಾಗಿದೆ. ಸದ್ದೂ ಬೇರೆ. ಕರೆಂಟ್ ತಪ್ಪಿದರೆ ಪಟ್ ಪಟ್ ಅಂತ ಕಡಿದ ಹಾಗೆ ಇರುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಬೊಗ್ ಬೊಗ್ ಅಂತ ಹೊಗೆ ಬಿಡುತ್ತದೆ, ಪ್ಲಗ್ ತೆಗೆದರೆ ಕಪ್ಪು, ಒದ್ದೆ. ಪೆಟ್ರೋಲ್ ಕಡಿಮೆಯಾದರೆ ಇವರು ಬರೆದ ಹಾಗೆ, ಸದ್ದೇ ಇಲ್ಲದೆ ಖಾಲಿ ಖಾಲಿ.

ಕೇಶ್ವಾಪುರ_180 · ಶನಿವಾರ, ಬೆಳಿಗ್ಗೆ 7:20

ನನ್ನದು 2006ರ ಪಲ್ಸರ್ 180. ಅದರಲ್ಲೂ ಇದೇ ರೋಗ ಇತ್ತು, ಕಾರಣ ಬೇರೆ. ನಮ್ಮಲ್ಲಿ ಇರುವುದು ವ್ಯಾಕ್ಯೂಮ್ ಕಾರ್ಬೋರೇಟರ್. ನಾವು ಎಕ್ಸ್‌ಲೇಟರ್ ತಿರುವಿದರೆ ಗಾಳಿ ದಾರಿಯ ಬಟರ್‌ಫ್ಲೈ ತಗಡು ಅಷ್ಟೇ ತೆರೆಯುತ್ತದೆ. ಸ್ಲೈಡನ್ನು ಮೇಲೆತ್ತುವುದು ಇಂಜಿನ್ನಿನ ಎಳೆತ, ಅದೂ ಒಂದು ತೆಳು ರಬ್ಬರ್ ಡಯಾಫ್ರಮ್ ಮೂಲಕ. ಆ ರಬ್ಬರಿಗೆ ತೂತು ಬಿದ್ದರೆ ಸ್ಲೈಡ್ ಏಳುವುದೇ ಇಲ್ಲ.

ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬೋರೇಟರ್ ತೊಳೆದರು. ಡಯಾಫ್ರಮ್ ಮುಟ್ಟಲೇ ಇಲ್ಲ. "ಮೇಡಮ್, ನೀವು ಕ್ಲಚ್ ಲಗೂ ಬಿಡ್ತೀರಿ" ಅಂತ ನನಗೇ ಪಾಠ ಹೇಳಿದರು. ಹದಿನೈದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಸಿಟ್ಟು ಬಂತು. ಮನೆಗೆ ಬಂದು ನಾನೇ ಮೇಲಿನ ಮುಚ್ಚಳ ಬಿಚ್ಚಿದೆ, ರಬ್ಬರನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಸುಮ್ನೆ ಹಿಡಿದರೆ ಏನೂ ಇಲ್ಲ. ಎರಡು ಬೆರಳಿನಿಂದ ಹಗುರಾಗಿ ಎಳೆದಾಗ ಮಡಿಕೆಯೊಳಗೆ ಸಾಸಿವೆ ಕಾಳಿನಷ್ಟು ಬೆಳಕು ಕಂಡಿತು. ಅಷ್ಟೇ ತೂತು.

ನಿಮ್ಮ ಆರ್‌ಎಕ್ಸ್‌ನಲ್ಲಿ ಡಯಾಫ್ರಮ್ ಇಲ್ಲ ಅಂತ ಗೊತ್ತು. ಆದರೂ ಎಲ್ಲೆಲ್ಲಿ ರಬ್ಬರ್ ಇದೆಯೋ ಅಲ್ಲೆಲ್ಲ ಹೀಗೆ ಎಳೆದು, ಬಾಗಿಸಿ ನೋಡಿ. ಸುಮ್ನೆ ಕಣ್ಣಿಗೆ ಕಾಣುವುದಿಲ್ಲ.

ನವಲೂರ_ಪೇರಲ · ಶನಿವಾರ, ಬೆಳಿಗ್ಗೆ 8:05

ಇದೆಲ್ಲ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಹಿಮೆ. ಹಳೇ ಗಾಡಿಗಳನ್ನು ಸಾಯಿಸಲಿಕ್ಕೆ ಅಂತಲೇ ತಂದಿದ್ದಾರೆ. ಬೇರೆ ಏನೂ ಹುಡುಕಬೇಡಿ.

ಟೂಸ್ಟ್ರೋಕ್_ತಮ್ಮ · ಶನಿವಾರ, ಬೆಳಿಗ್ಗೆ 8:11

ಶುರುವಾಯ್ತು.

ಪಾನಾ_ಹಳೇಹುಬ್ಬಳ್ಳಿ · ಶನಿವಾರ, ಬೆಳಿಗ್ಗೆ 9:30

ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ಖರೇನೂ ಅಲ್ಲ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಅಂದರೆ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದ್ದರೆ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕಾಗುತ್ತದೆ. ಹೊಸ ಗಾಡಿಯಲ್ಲಿ ಸೆನ್ಸರ್ ಇದೆ, ತಾನೇ ಅಳೆದು ಹಾಕಿಕೊಳ್ಳುತ್ತದೆ. ನಮ್ಮ ಕಾರ್ಬೋರೇಟರಿಗೆ ಬುದ್ಧಿ ಎಲ್ಲಿದೆ? ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹಾಗಾಗಿ ಹಳೇ ಗಾಡಿಗಳೆಲ್ಲ ಒಂಚೂರು ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗಿರುವುದು ನಿಜ. ಮೊದಲೇ ಅಂಚಿನಲ್ಲಿದ್ದ ಗಾಡಿ ಮುಗ್ಗರಿಸುತ್ತದೆ. ಹಳೇ ರಬ್ಬರ್ ಉಬ್ಬುವುದು, ಬಿರುಕು ಬಿಡುವುದೂ ನೋಡಿದ್ದೇನೆ.

ಆದರೆ ಇವರ ತಕರಾರು ಎರಡು ತಿಂಗಳದ್ದು. ಎಥನಾಲ್ ಎರಡು ತಿಂಗಳ ಹಿಂದೆ ಬಂದದ್ದಾ?

ನವಲೂರ_ಪೇರಲ · ಶನಿವಾರ, ಬೆಳಿಗ್ಗೆ 9:41

ನೀರು ಕುಡಿಯುತ್ತದೆ ಅದು. ಅದನ್ನು ಹೇಳಿ.

ಪಾನಾ_ಹಳೇಹುಬ್ಬಳ್ಳಿ · ಶನಿವಾರ, ಬೆಳಿಗ್ಗೆ 9:50

ಹೌದು, ಕುಡಿಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದು ದೊಡ್ಡ ತಕರಾರು. ನೋಡುವುದು ಸುಲಭ. ಕಾರ್ಬೋರೇಟರ್ ತಳದ ಫ್ಲೋಟ್ ಬಟ್ಟಲಿನ ಪೆಟ್ರೋಲನ್ನು ಸ್ಟೀಲ್ ವಾಟಿಗೆ ಇಳಿಸಿ, ಐದು ನಿಮಿಷ ಅಲುಗಾಡಿಸದೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ವಾಟಿ ಓರೆ ಮಾಡಿದರೆ ಗುಂಡಗೆ ಉರುಳುತ್ತದೆ. ದಿನಾ ನಲವತ್ತು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅಷ್ಟು ನೀರು ನಿಲ್ಲುವುದು ಕಡಿಮೆ. ಆದರೂ ನೋಡಿ, ಖರ್ಚಿಲ್ಲ.

ಗದಗ_ಗಾಡಿ · ಶನಿವಾರ, ಬೆಳಿಗ್ಗೆ 10:12

ಹಾಗಾದರೆ ಏರ್ ಸ್ಕ್ರೂ ಎರಡು ಸುತ್ತು ಹೊರಗೆ ತಿರುವಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಮುಗಿಯಿತಲ್ಲ?

ಕೇಶ್ವಾಪುರ_180 · ಶನಿವಾರ, ಬೆಳಿಗ್ಗೆ 10:20

ಹೌದು, ಹೊರಗೆ ತಿರುವಿದರೆ ರಿಚ್. ನನ್ನ ಗಾಡಿಯಲ್ಲಿ ಹಾಗೇ ಮಾಡುತ್ತೇನೆ.

ಟೂಸ್ಟ್ರೋಕ್_ತಮ್ಮ · ಶನಿವಾರ, ಬೆಳಿಗ್ಗೆ 10:22

ತಪ್ಪು ಅಕ್ಕಾರೆ. ಆರ್‌ಎಕ್ಸ್‌ನಲ್ಲಿ ಒಳಗೆ ತಿರುವಿದರೆ ರಿಚ್. ನೂರು ಸಲ ಮಾಡಿದ್ದೇನೆ.

ಕೇಶ್ವಾಪುರ_180 · ಶನಿವಾರ, ಬೆಳಿಗ್ಗೆ 10:25

ನಾನೂ ನೂರು ಸಲ ಮಾಡಿದ್ದೇನೆ ತಮ್ಮಾ.

ಪಾನಾ_ಹಳೇಹುಬ್ಬಳ್ಳಿ · ಶನಿವಾರ, ಬೆಳಿಗ್ಗೆ 10:48

ಇಬ್ಬರದೂ ಸರಿ. ಜಗಳ ಬೇಡ. ಸ್ಕ್ರೂ ಎಲ್ಲಿದೆ ನೋಡಿ. ಆರ್‌ಎಕ್ಸ್‌ನ ಮಿಕುನಿ ವಿಎಂ ಕಾರ್ಬೋರೇಟರಿನಲ್ಲಿ ಸ್ಕ್ರೂ ಏರ್ ಫಿಲ್ಟರ್ ಕಡೆಗಿದೆ. ಅದು ಗಾಳಿಯನ್ನು ಹಿಡಿಯುತ್ತದೆ. ಒಳಗೆ ತಿರುವಿದರೆ ಗಾಳಿ ಕಡಿಮೆ, ಆದ್ದರಿಂದ ರಿಚ್. ಪಲ್ಸರ್‌ನಲ್ಲಿ ಸ್ಕ್ರೂ ಇಂಜಿನ್ ಕಡೆಗಿದೆ. ಅದು ಪೆಟ್ರೋಲ್ ಮಿಶ್ರಣವನ್ನು ಹಿಡಿಯುತ್ತದೆ. ಹೊರಗೆ ತಿರುವಿದರೆ ರಿಚ್. ಬಹಳ ಹುಡುಗರು ಒಂದು ಗಾಡಿಯಲ್ಲಿ ಕಲಿತದ್ದನ್ನು ಇನ್ನೊಂದರ ಮೇಲೆ ಮಾಡಿ ಉಲ್ಟಾ ಹೊಡೆಯುತ್ತಾರೆ.

ಮತ್ತೆ, ಆರ್‌ಎಕ್ಸ್‌ನಲ್ಲಿ ಪೂರ್ತಿ ಒಳಗೆ ಹಗುರಾಗಿ ಕೂರಿಸಿ ಸುಮಾರು ಒಂದೂವರೆ ಸುತ್ತು ಹೊರಗೆ. ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ. ಬಿಗಿದು ಕೂರಿಸಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ತೆಗೆಯಲು ಬಂದವರ ಕಣ್ಣೀರು ನೋಡಿದ್ದೇನೆ.

ಬ್ಯಾಡಗಿ_ಬೈಕರ್ · ಶನಿವಾರ, ಮಧ್ಯಾಹ್ನ 1:15

ನನ್ನದು ಆರ್‌ಎಕ್ಸ್ 135. ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರ್ಕೆಟ್ ಯಾರ್ಡಿಗೆ ದಿನಾ ಹೋಗುತ್ತೇನೆ. ಒಂದು ವರ್ಷ ಗಾಡಿ ಕಪ್ಪು ಹೊಗೆ ಬಿಟ್ಟು ಬಿಟ್ಟು ಮೈಲೇಜ್ ಬಿದ್ದುಹೋಯಿತು. ಮಿಸ್ತ್ರಿ ಏರ್ ಫಿಲ್ಟರ್ ತೆಗೆದು ಕಟ್ಟೆಗೆ ಎರಡು ಸಲ ಬಡಿದ. ಅಷ್ಟೇ. ಗ್ಯಾರೇಜಿನಲ್ಲಿದ್ದವರೆಲ್ಲ ಹತ್ತು ನಿಮಿಷ ಸೀನಿದರು. ಪಕ್ಕದ ಚಹಾ ಅಂಗಡಿಯವನು ಬೈಯುತ್ತಾ ಬಂದು, ತಾನೂ ಸೀನುತ್ತಾ ವಾಪಸ್ ಹೋದ.

ಇದು ಸವಾರರ ತಕರಾರಲ್ಲ, ಗೊತ್ತು. ಹೇಳಬೇಕು ಅನ್ನಿಸಿತು.

ಬುಲೆಟ್_ಕಾಕಾ · ಶನಿವಾರ, ಮಧ್ಯಾಹ್ನ 1:30

ಬ್ಯಾಡಗಿ ಗಾಡಿ ಅಲ್ವಾ, ಬಣ್ಣ ಜಾಸ್ತಿ ಖಾರ ಕಡಿಮೆ ಇರಬೇಕಿತ್ತು.

ಸಪ್ತಾಪುರದ_ಸವಾರ · ಶನಿವಾರ, ಸಂಜೆ 6:50

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಜೆ ಇತ್ತು. ಕೆಲಗೇರಿ ಕಡೆ ಹೋಗಿ ಎಲ್ಲ ಮಾಡಿ ನೋಡಿದೆ.

ಟೇಪ್ ಅಂಟಿಸಿದೆ. ಉಸಿರು ಹಿಡಿಯುವುದು ಎರಡು ಕಡೆ. ಮುಚ್ಚಿದ್ದಾಗಿನಿಂದ ತೆರೆಯುವ ಮೊದಲ ಗಳಿಗೆಯಲ್ಲಿ ಜಾಸ್ತಿ. ಮತ್ತೆ ಕಾಲು ಗೆರೆ ದಾಟುವಾಗ ಸಣ್ಣದೊಂದು. ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ.

ಚೋಕ್ ಅರ್ಧ ಎಳೆದರೆ ಪವಾಡ. ಎರಡೂ ಕಡೆ ತಕರಾರು ಮುಕ್ಕಾಲು ಪಾಲು ಮಾಯ. ಪ್ಲಗ್ ತೆಗೆದೆ, ಬಿಸ್ಕತ್ ಬಣ್ಣ ಇರಬೇಕಿತ್ತಲ್ಲ, ಸುಣ್ಣದ ಹಾಗೆ ಬಿಳಿ. ಕಾಕಾ ಹೇಳಿದಂತೆ ಕತ್ತಲಲ್ಲಿ ವೈರ್ ನೋಡುವುದು ಬಾಕಿ ಇದೆ. ವಾಟಿಯಲ್ಲಿ ನೀರಿಲ್ಲ, ಆದರೆ ಅಮ್ಮ ಆ ವಾಟಿ ನನಗೇ ಕೊಟ್ಟುಬಿಟ್ಟರು.

ಇನ್ನೊಂದು ವಿಷಯ. ಎಕ್ಸ್‌ಲೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯುವುದಿಲ್ಲ. ಎರಡು ಮೂರು ಸೆಕೆಂಡ್ ಮೇಲೇ ನಿಂತು, ಆಮೇಲೆ ಮೆಲ್ಲಗೆ ಬರುತ್ತದೆ. ಕೇಬಲ್ ಬಿಗಿ ಇರಬಹುದು ಅಂದುಕೊಂಡಿದ್ದೆ, ಕೇಬಲ್ ಸರಿಯಾಗಿದೆ.

ಪಾನಾ_ಹಳೇಹುಬ್ಬಳ್ಳಿ · ಶನಿವಾರ, ಸಂಜೆ 7:14

ಇದನ್ನು ಮೊದಲೇ ಹೇಳಬಾರದಾ ಮಾರಾಯರೇ! ರೇಸ್ ಮೇಲೇ ನಿಲ್ಲುತ್ತದೆ, ಪ್ಲಗ್ ಬಿಳಿ, ಚೋಕ್ ಹಾಕಿದರೆ ಸುಧಾರಿಸುತ್ತದೆ. ಎಲ್ಲಿಂದಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬೋರೇಟರ್ ಅಳೆದು ಕೊಟ್ಟ ಪೆಟ್ರೋಲಿಗೆ ಆಮೇಲೆ ಯಾರೋ ಗಾಳಿ ಬೆರೆಸುತ್ತಿದ್ದಾರೆ. ಹಾಲಿಗೆ ನೀರು ಹಾಕಿದ ಹಾಗೆ. ಮೂರು ಸಲ ಹಾಲಿನ ಪಾತ್ರೆ ತೊಳೆದರೆ ಏನು ಬಂತು?

ಎರಡು ಕಡೆ ನೋಡಬೇಕು. ಒಂದು, ಕಾರ್ಬೋರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಜಾಯಿಂಟ್. ಗಾಡಿ ಸ್ಲೋದಲ್ಲಿ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಜಾಯಿಂಟ್ ಸುತ್ತ ನೀರು ಹೊಡೆಯಿರಿ. ಸದ್ದು ಬದಲಾದರೆ ಅಲ್ಲೇ ಕಳ್ಳ. ಕೆಲವರು ಪೆಟ್ರೋಲ್ ಹೊಡೆಯುತ್ತಾರೆ. ಕಾದ ಸೈಲೆನ್ಸರ್ ಪಕ್ಕ ಪೆಟ್ರೋಲ್ ಬೇಡವೇ ಬೇಡ.

ಎರಡು, ಕ್ರ್ಯಾಂಕಿನ ಆಯಿಲ್ ಸೀಲ್. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗುತ್ತದೆ, ಗೊತ್ತಲ್ಲ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬಿಡುತ್ತದೆ, ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಅದು ದೊಡ್ಡ ಕೆಲಸ. ಮೊದಲು ಜಾಯಿಂಟ್. ಅಲ್ಲಿಯವರೆಗೆ ಗಾಡಿ ಜೋರಾಗಿ ಓಡಿಸಬೇಡಿ.

ಗದಗ_ಗಾಡಿ · ಶನಿವಾರ, ಸಂಜೆ 7:30

ಸೇಫ್ಟಿಗೆ ಪೆಟ್ರೋಲಿಗೆ ಟೂ ಸ್ಟ್ರೋಕಿನ 2ಟಿ ಆಯಿಲ್ ಡಬಲ್ ಹಾಕಿ ಓಡಿಸಲಿ ಅಲ್ವಾ?

ಟೂಸ್ಟ್ರೋಕ್_ತಮ್ಮ · ಶನಿವಾರ, ಸಂಜೆ 7:33

ಅಣ್ಣಾ, ನಿಮಗೆ ಡಬಲ್ ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ವಾ? ಅದೇ ಜೆಟ್ಟಿನಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ. ಇನ್ನೂ ಲೀನ್. ಸವಾರ ಸರ್, ನಿಮ್ಮದರಲ್ಲಿ 2ಟಿ ತಾನೇ ಹಾಕಿಕೊಳ್ಳುವ ಆಯಿಲ್ ಪಂಪ್ ಇದೆಯಾ, ಕಿತ್ತಿದ್ದಾರಾ?

ಸಪ್ತಾಪುರದ_ಸವಾರ · ಶನಿವಾರ, ಸಂಜೆ 7:40

ಇದೆ, ಕೆಲಸ ಮಾಡುತ್ತಿದೆ. ಅಪ್ಪ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಟೂಸ್ಟ್ರೋಕ್_ತಮ್ಮ · ಶನಿವಾರ, ಸಂಜೆ 7:41

ಅಪ್ಪಾಜಿಗೆ ನಮಸ್ಕಾರ ಹೇಳಿ. ಮಾರುವ ವಿಷಯವೂ ಕೇಳಿ.

ಸಪ್ತಾಪುರದ_ಸವಾರ · ಭಾನುವಾರ, ಬೆಳಿಗ್ಗೆ 11:25

ಸಿಕ್ಕಿತು!

ನೀರು ಹೊಡೆದೆ. ಮೊದಲು ಏನೂ ಆಗಲಿಲ್ಲ. ಬೇಜಾರಾಗಿ ಸೀಲ್ ಖರ್ಚಿನ ಲೆಕ್ಕ ಹಾಕುತ್ತಾ ಕೂತಿದ್ದೆ. ಕೇಶ್ವಾಪುರದ ಅಕ್ಕಾರು ಹೇಳಿದ್ದು ನೆನಪಾಯಿತು. ಗಾಡಿ ಸ್ಲೋದಲ್ಲಿ ಇಟ್ಟು ಕಾರ್ಬೋರೇಟರನ್ನು ಕೈಯಿಂದ ಮೆಲ್ಲಗೆ ಕೆಳಗೆ ಒತ್ತಿದೆ. ತಕ್ಷಣ ರೇಸ್ ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಒತ್ತಿ ನೀರು ಹೊಡೆದೆ, ಗಾಡಿ ಗೊಗ್ಗರು ದನಿ ಮಾಡಿ ಬಂದ್ ಬಿತ್ತು.

ಜಾಯಿಂಟ್ ಬಿಚ್ಚಿ ಒರೆಸಿದೆ. ಮೇಲಿಂದ ನೋಡಿದರೆ ಚೆನ್ನಾಗಿಯೇ ಇದೆ, ಸ್ವಲ್ಪ ಗಟ್ಟಿಯಾಗಿದೆ ಅಷ್ಟೇ. ಹೆಬ್ಬೆರಳಿಟ್ಟು ಹಿಂದಕ್ಕೆ ಬಾಗಿಸಿದಾಗ, ಕ್ಲ್ಯಾಂಪ್ ಕೂರುವ ಗುಂಡಿಯ ಪಕ್ಕ, ಕೆಳಗಡೆ, ಕಪ್ಪೆ ಬಾಯಿ ತೆರೆದ ಹಾಗೆ ಸೀಳು ತೆರೆಯಿತು. ಉಗುರಿನಷ್ಟು ಉದ್ದ. ಕೈ ಬಿಟ್ಟರೆ ಮುಚ್ಚಿಕೊಂಡು ಬರೀ ಕೂದಲಿನ ಗೆರೆ. ಗಾಡಿ ಹೊರಡುವಾಗ ಇಂಜಿನ್ ಅಲುಗಿದ ಕೂಡಲೇ ಇದು ಬಾಯಿ ಬಿಡುತ್ತಿತ್ತು ಅನ್ನಿಸುತ್ತದೆ. ಮೂರು ಸಲ ಕಾರ್ಬೋರೇಟರ್ ಬಿಚ್ಚಿದವರು ಮೂರು ಸಲವೂ ಇದನ್ನು ಮುಟ್ಟಿರಲೇಬೇಕು!

ಕೇಶ್ವಾಪುರ_180 · ಭಾನುವಾರ, ಬೆಳಿಗ್ಗೆ 11:31

ಸಾಸಿವೆ ಕಾಳು, ಕಪ್ಪೆ ಬಾಯಿ. ಹೇಳಿದೆನಲ್ಲ, ಎಳೆದು ನೋಡಬೇಕು. ಮತ್ತೆ, ನೀವು ಕ್ಲಚ್ ಲಗೂ ಬಿಡುತ್ತೀರಿ ಅಂತ ಯಾರೂ ಹೇಳಲಿಲ್ಲವಲ್ಲ? ಅದೃಷ್ಟವಂತರು.

ಬುಲೆಟ್_ಕಾಕಾ · ಭಾನುವಾರ, ಬೆಳಿಗ್ಗೆ 11:50

ಕರೆಂಟ್ ಅಲ್ಲ. ಒಪ್ಪಿದೆ. ಆದರೆ ಕತ್ತಲಲ್ಲಿ ವೈರ್ ನೋಡು.

ನವಲೂರ_ಪೇರಲ · ಭಾನುವಾರ, ಮಧ್ಯಾಹ್ನ 12:02

ಆ ರಬ್ಬರ್ ಸೀಳಿದ್ದು ಯಾವುದರಿಂದ? ಎಥನಾಲ್.

ಪಾನಾ_ಹಳೇಹುಬ್ಬಳ್ಳಿ · ಭಾನುವಾರ, ಮಧ್ಯಾಹ್ನ 12:20

ಮೂವತ್ತು ವರ್ಷ ಇಂಜಿನ್ ಕಾವಿನಲ್ಲಿ ಬೆಂದ ರಬ್ಬರ್ ಅದು ಪೇರಲದವರೇ. ಎಥನಾಲ್ ಇರಲಿ, ಇಲ್ಲದಿರಲಿ, ಒಂದು ದಿನ ಸೀಳುವುದೇ.

ಸವಾರರೇ, ಹೊಸ ಜಾಯಿಂಟ್ ತರುವಾಗ ಕೈಯಲ್ಲಿ ಹಿಸುಕಿ ನೋಡಿ ತನ್ನಿ. ಗಟ್ಟಿಯಾಗಿ ಟಕ್ ಅಂದರೆ ಅಂಗಡಿಯಲ್ಲೇ ವರ್ಷಗಟ್ಟಲೆ ಕೂತದ್ದು. ಬೋಲ್ಟ್ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಿ. ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಎದ್ದು ಮತ್ತೆ ಅದೇ ಕಥೆ. ಫೆವಿಕ್ವಿಕ್, ಎಂಸೀಲ್ ಹಚ್ಚುವ ಆಲೋಚನೆ ಇದ್ದರೆ ಬಿಡಿ.

ಸಪ್ತಾಪುರದ_ಸವಾರ · ಭಾನುವಾರ, ಮಧ್ಯಾಹ್ನ 12:24

ಎಂಸೀಲ್ ಕೈಯಲ್ಲಿ ಹಿಡಿದೇ ಇದನ್ನು ಓದುತ್ತಿದ್ದೇನೆ. ಇಟ್ಟೆ.

ಸಪ್ತಾಪುರದ_ಸವಾರ · ಮಂಗಳವಾರ, ರಾತ್ರಿ 8:55

ಹೊಸ ಜಾಯಿಂಟ್ ನಿನ್ನೆ ಹಾಕಿದೆ. ರೇಸ್ ಈಗ ಕೈ ಬಿಟ್ಟ ಕೂಡಲೇ ಇಳಿಯುತ್ತದೆ. ಮೊದಲ ಗಳಿಗೆಯ ಉಸಿರು ಹಿಡಿಯುವುದು ಪೂರ್ತಿ ಹೋಯಿತು. ಏರ್ ಸ್ಕ್ರೂ ಒಂದೂವರೆಗೆ ಕೂರಿಸಿದೆ. ಆದರೆ ಕಾಲು ಗೆರೆ ದಾಟುವಾಗಿನ ಆ ಸಣ್ಣ ತಡವರಿಕೆ ಹಾಗೇ ಇದೆ. ಸೂಜಿಯ ಕ್ಲಿಪ್ ಬದಲಿಸಲಾ?

ಪಾನಾ_ಹಳೇಹುಬ್ಬಳ್ಳಿ · ಮಂಗಳವಾರ, ರಾತ್ರಿ 9:20

ಕ್ಲಿಪ್ ಒಂದು ಗೆರೆ ಕೆಳಗೆ ಇಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಆದರೆ ತಡೆಯಿರಿ. ಕಿಟ್ ಹಾಕಿದ ಮೇಲೆ ಜಾಸ್ತಿ ಆಯಿತು ಅಂತ ಶುಕ್ರವಾರ ಬರೆದಿದ್ದಿರಿ. ಕಿಟ್ಟಿನಲ್ಲಿ ಸೂಜಿಯೂ ಇತ್ತು. ಹಳೇ ಸೂಜಿ ಎಲ್ಲಿದೆ? ಎಸೆದರಾ?

ಸಪ್ತಾಪುರದ_ಸವಾರ · ಮಂಗಳವಾರ, ರಾತ್ರಿ 9:26

ಇಲ್ಲ. ಹಳೇ ಸಾಮಾನೆಲ್ಲ ಪೇಡೆ ಡಬ್ಬಿಯಲ್ಲಿದೆ. ಅಪ್ಪನ ರೂಲ್ ಅದು, ಬಿಚ್ಚಿದ ಸಾಮಾನು ಗ್ಯಾರೇಜಿನಲ್ಲಿ ಬಿಟ್ಟು ಬರಬಾರದು.

ಟೂಸ್ಟ್ರೋಕ್_ತಮ್ಮ · ಮಂಗಳವಾರ, ರಾತ್ರಿ 9:28

ಅಪ್ಪಾಜಿ ಈ ವೇದಿಕೆಗೆ ಬರಬೇಕು. ನೀವು ಎದ್ದು ಜಾಗ ಕೊಡಿ.

ಸಪ್ತಾಪುರದ_ಸವಾರ · ಮಂಗಳವಾರ, ರಾತ್ರಿ 10:40

ಎರಡೂ ಸೂಜಿ ಬಿಳಿ ಹಾಳೆಯ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದೆ. ಹಳೆಯದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಂಕಿ, ಅಕ್ಷರ ಕೆತ್ತಿದೆ. ಹೊಸದರ ಮೇಲೆ ಏನೂ ಇಲ್ಲ. ಉದ್ದ ಒಂದೇ. ಆದರೆ ಹಳೆಯದು ಸಪೂರ ಆಗಲು ಶುರುವಾಗುವ ಜಾಗ ಮೇಲಿದೆ, ಹೊಸದರಲ್ಲಿ ಎರಡು ಮೂರು ಮಿಲಿಮೀಟರ್ ಕೆಳಗೆ. ಹೊಸದು ಮೈ ತುಂಬಿಕೊಂಡಿದೆ.

ಪಾನಾ_ಹಳೇಹುಬ್ಬಳ್ಳಿ · ಮಂಗಳವಾರ, ರಾತ್ರಿ 10:52

ಅದೇ. ಸೂಜಿ ಮತ್ತು ಅದು ಕೂರುವ ತೂತಿನ ನಡುವಿನ ಸಂದಿಯಲ್ಲೇ ಪೆಟ್ರೋಲ್ ಮೇಲೇರುವುದು. ಸೂಜಿ ದಪ್ಪ ಇದ್ದರೆ ಸಂದಿ ಕಡಿಮೆ, ಕಾಲು ತಿರುವಿನಲ್ಲಿ ಪೆಟ್ರೋಲ್ ಕಡಿಮೆ. ಹಳೇ ಸೂಜಿಯಲ್ಲಿ ಸವೆದ ಮೆಟ್ಟಿಲು ಉಗುರಿಗೆ ಸಿಗದಿದ್ದರೆ ಅದನ್ನೇ ವಾಪಸ್ ಹಾಕಿ, ಕ್ಲಿಪ್ ಮೊದಲಿದ್ದ ಗೆರೆಯಲ್ಲೇ. ನಿಮ್ಮ ಮಿಸ್ತ್ರಿ "ಸವೆದಿದೆ" ಅಂದರಲ್ಲ, ಸೂಜಿ, ತೂತು ಸವೆದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಕಡಿಮೆ ಅಲ್ಲ. ಸ್ಲೈಡ್ ಸವೆದರೆ ಪಕ್ಕದಿಂದ ಗಾಳಿ ನುಗ್ಗಬಹುದು, ಅದು ಬೇರೆ. ಸ್ಲೈಡ್ ಒಳಗಿಟ್ಟು ಬೆರಳಿಂದ ಅಲುಗಾಡಿಸಿ, ಟಕ ಟಕ ಅಂದರೆ ಹೇಳಿ.

ಗದಗ_ಗಾಡಿ · ಮಂಗಳವಾರ, ರಾತ್ರಿ 11:05

ಇಷ್ಟೆಲ್ಲ ಯಾಕೆ, ಹಳೇ ಹೀರೋ ಹೋಂಡಾ ಸಿಬಿಝಡ್ ಕಾರ್ಬೋರೇಟರ್ ಹಾಕಿಬಿಡಲಿ. ಅದರಲ್ಲಿ ತಿರುವಿದ ಕೂಡಲೇ ಪೆಟ್ರೋಲ್ ಚಿಮ್ಮುವ ಪಂಪ್ ಇದೆ.

ಟೂಸ್ಟ್ರೋಕ್_ತಮ್ಮ · ಮಂಗಳವಾರ, ರಾತ್ರಿ 11:09

156 ಸಿಸಿ ಫೋರ್ ಸ್ಟ್ರೋಕಿನ ಕಾರ್ಬೋರೇಟರ್ ತಂದು 98 ಸಿಸಿ ಟೂ ಸ್ಟ್ರೋಕಿಗಾ? ಪಂಪ್ ಇರುವುದು ಖರೆ, ಅದಕ್ಕೇ ಆ ಗಾಡಿ ಮುಗ್ಗರಿಸುತ್ತಿರಲಿಲ್ಲ, ಪೆಟ್ರೋಲೂ ಕುಡಿಯುತ್ತಿತ್ತು. ಆದರೆ ಸೀಳಿದ ರಬ್ಬರಿಗೆ ಪಂಪ್ ಏನು ಮಾಡುತ್ತದೆ ಅಣ್ಣಾ?

ಸಪ್ತಾಪುರದ_ಸವಾರ · ಗುರುವಾರ, ರಾತ್ರಿ 9:10

ಹಳೇ ಸೂಜಿ ಹಾಕಿದೆ. ಸ್ಲೈಡ್ ಟಕ ಟಕ ಅನ್ನುವುದಿಲ್ಲ. ಎರಡು ದಿನ ಹೋಗಿ ಬಂದೆ. ಉಣಕಲ್ ಕ್ರಾಸ್‌ನಲ್ಲಿ ಹಸಿರು ಬಿದ್ದ ಕೂಡಲೇ ಗಾಡಿ ಎಷ್ಟು ಚೂಪಾಗಿ ಎದ್ದಿತು ಅಂದರೆ, ನಾನೇ ಹಿಂದೆ ಉಳಿದಂತಾಯಿತು. ಪ್ಲಗ್ ಇವತ್ತು ತೆಗೆದು ನೋಡಿದೆ, ಬಿಸ್ಕತ್ ಬಣ್ಣ. ಒಟ್ಟು ಖರ್ಚು ಒಂದು ರಬ್ಬರ್ ಜಾಯಿಂಟ್ ಮತ್ತು ಅಮ್ಮನಿಗೆ ಹೊಸ ವಾಟಿ.

ಪಾನಾ ಅಣ್ಣಾರೆ, ಹಳೇ ಹುಬ್ಬಳ್ಳಿಯಲ್ಲಿ ನಿಮ್ಮ ಗ್ಯಾರೇಜ್ ಎಲ್ಲಿ? ಪೇಡೆ ತರುತ್ತೇನೆ, ಈ ಸಲ ಡಬ್ಬಿಯಲ್ಲಿ ಪೇಡೆಯೇ ಇರುತ್ತದೆ.

ಪಾನಾ_ಹಳೇಹುಬ್ಬಳ್ಳಿ · ಗುರುವಾರ, ರಾತ್ರಿ 9:32

ಪೇಡೆ ಸಿಹಿ ಆಯ್ತು, ಗಿರ್ಮಿಟ್ ಮಿರ್ಚಿ ಇರಲಿ. ವಿಳಾಸ ಇಲ್ಲಿ ಬೇಡ, ಬೇರೆ ಮೆಸೇಜ್ ಮಾಡುತ್ತೇನೆ. ಇಲ್ಲದಿದ್ದರೆ ನಾಳೆ ಗದಗಿನ ಅಣ್ಣಾರು ಫಿಲ್ಟರ್ ಇಲ್ಲದ ಗಾಡಿ ತಗೊಂಡು ಬಂದು ನಿಲ್ಲುತ್ತಾರೆ.

ಗದಗ_ಗಾಡಿ · ಗುರುವಾರ, ರಾತ್ರಿ 9:40

ಫಿಲ್ಟರ್ ಹಾಕಿದ್ದೇನೆ ರೀ. ಮೊನ್ನೆಯೇ.

ಬುಲೆಟ್_ಕಾಕಾ · ಗುರುವಾರ, ರಾತ್ರಿ 9:55

ಕತ್ತಲಲ್ಲಿ ವೈರ್ ನೋಡಿದೆಯಾ ತಮ್ಮಾ?

ಸಪ್ತಾಪುರದ_ಸವಾರ · ಗುರುವಾರ, ರಾತ್ರಿ 10:20

ಈಗಷ್ಟೇ ನೋಡಿ ಬಂದೆ ಕಾಕಾ. ಪ್ಲಗ್ ಕ್ಯಾಪಿನ ಹತ್ತಿರ ಸಣ್ಣ ನೀಲಿ ಕಿಡಿ ಹಾರುತ್ತಿದೆ.

ಬುಲೆಟ್_ಕಾಕಾ · ಗುರುವಾರ, ರಾತ್ರಿ 10:21

ಹ್ಞೂಂ.